ಮಳೆಗಾಲಕ್ಕೊಂದು ಪಾತಾಳ: ಮೆಗಾಡಂಜನ್ ಕಟ್ಟುವ, ಆಡಿಸುವ ಸಮಗ್ರ ಮಾರ್ಗದರ್ಶಿ

ಒಬ್ಬರು ಆಟ ನಡೆಸಿ ಉಳಿದವರು ಒಂದೊಂದು ಪಾತ್ರ ವಹಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಆಟಕ್ಕೆಂದು ಐದು ಜನರನ್ನು ಪ್ರತಿ ಶನಿವಾರ ತಪ್ಪದೆ ಒಂದೇ ಮೇಜಿನ ಸುತ್ತ ಕೂರಿಸುವುದು ಕೊಡಗಿನಲ್ಲಿ ಆಗದ ಮಾತು. ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗಿರುತ್ತದೆ. ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಪೈಪುಗಳ ಹಿಂದೆ ಓಡಾಟ. ನಡುವೆ ಪುತ್ತರಿ, ಮದುವೆಗಳು, ಬೇಸಿಗೆಯ ಹಾಕಿ. ಒಬ್ಬ ಬಂದರೆ ಇನ್ನೊಬ್ಬನಿಲ್ಲ. ಒಂದೇ ಎಳೆಯ ಕಥೆಯನ್ನು ನೆಚ್ಚಿಕೊಂಡ ಕ್ಯಾಂಪೇನ್, ಅಂದರೆ ಕೂಟದಿಂದ ಕೂಟಕ್ಕೆ ಮುಂದುವರಿಯುವ ಆಟ, ಇಂಥ ಕಡೆ ಬೇಗ ಸೊರಗುತ್ತದೆ. ಮೆಗಾಡಂಜನ್ ಕ್ಯಾಂಪೇನ್‌ಗೆ ಆ ಭಯವಿಲ್ಲ. ಅಲ್ಲಿ ಆಟಗಾರರಿಗಾಗಿ ಕಾಯುತ್ತಿರುವುದು ಒಂದು ಜಾಗ. ಬಂದವರು ಇಳಿಯುತ್ತಾರೆ, ಬಾರದವರ ಪಾತ್ರಗಳು ಊರಿನಲ್ಲಿ ಉಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಕೆಲಸ ಕಡಿಮೆ, ಹೊರಗೆ ಕಾಲಿಟ್ಟರೆ ಜಿಗಣೆ, ಸಂಜೆಗೆ ಕರೆಂಟ್ ಇರುವ ಖಾತ್ರಿಯಿಲ್ಲ. ಇದಕ್ಕಿಂತ ಒಳ್ಳೆಯ ಕಾಲ ಬೇಕೇ?

ಒಂದೇ ಭೂಗತ ಸಂಕೀರ್ಣದೊಳಗೆ ಇಡೀ ಕ್ಯಾಂಪೇನ್ ನಡೆಯುವಂತಿದ್ದರೆ ಅದು ಮೆಗಾಡಂಜನ್. ಎಷ್ಟು ಬಾರಿ ಹೋದರೂ ಪೂರ್ತಿ ಬರಿದಾಗಬಾರದು, ಅಷ್ಟು ದೊಡ್ಡದಿರಬೇಕು. ಈ ಹವ್ಯಾಸ ಹುಟ್ಟಿದ್ದೇ ಇಂಥ ಜಾಗಗಳಿಂದ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಕೋಟೆಯ ಕೆಳಗೆ ಗೆಳೆಯರನ್ನು ಇಳಿಸಿದ. ಅದನ್ನು ನೋಡಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್ ಗ್ರೇಹಾಕ್ ಕೋಟೆಯನ್ನು ಕಟ್ಟಿದ. ಇಬ್ಬರೂ ಸೇರಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಟ ಶುರುಮಾಡುವ ಮೊದಲು ಕನಿಷ್ಠ ಅರ್ಧ ಡಜನ್ ಅಂತಸ್ತುಗಳ ನಕ್ಷೆ ಬರೆದಿಟ್ಟುಕೊಳ್ಳಿ ಎಂದು ಆಟ ನಡೆಸುವವನಿಗೆ, ಅಂದರೆ ಡಂಜನ್ ಮಾಸ್ಟರ್‌ಗೆ, ಹೇಳಿತ್ತು.

ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎರಡು ಅಂತಸ್ತು ಪೂರ್ತಿ, ಮೂರನೆಯದರ ಒಂದು ಮೂಲೆ, ಉಳಿದವಕ್ಕೆ ತಲಾ ಎರಡು ಸಾಲು. ಅಷ್ಟಿದ್ದರೆ ಶುರುಮಾಡಿ. ಆಟಗಾರರು ಮೊದಲ ಅಂತಸ್ತಿನಲ್ಲಿ ಏನನ್ನು ಇಷ್ಟಪಟ್ಟರು, ಯಾರ ಜೊತೆ ಜಗಳವಾಡಿದರು ಎಂಬುದು ತಿಳಿದ ಮೇಲೆ ಬರೆದ ನಾಲ್ಕನೇ ಅಂತಸ್ತು ಮೊದಲೇ ಬರೆದಿಟ್ಟಿದ್ದಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ.

ನಿಯಮಗಳ ಆಯ್ಕೆ

ಇದನ್ನು ಬೇಗ ಮುಗಿಸೋಣ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ಆವೃತ್ತಿ ಅಥವಾ ಅದನ್ನು ಆಧರಿಸಿ ಈಚೆಗೆ ಬಂದ ಸರಳ ಆಟಗಳು ಮೆಗಾಡಂಜನ್‌ಗೆ ಹೇಳಿ ಮಾಡಿಸಿದಂತಿವೆ. ಕಾಲ, ಬೆಳಕು, ಹೊರೆ, ಹೊನ್ನು ಈ ನಾಲ್ಕರ ಲೆಕ್ಕ ಅವುಗಳ ಬೆನ್ನೆಲುಬು. ಐದನೇ ಆವೃತ್ತಿಯನ್ನೇ ಆಡುವವರಿದ್ದರೆ ತೊಂದರೆಯಿಲ್ಲ. ಅದರ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಎರಡು ಕಡೆ ಮಾತ್ರ ಬಿಗಿ ಮಾಡಿ. ಅದರಲ್ಲಿ ಅರ್ಧಕ್ಕರ್ಧ ಪಾತ್ರಗಳಿಗೆ ಕತ್ತಲಲ್ಲಿ ಕಣ್ಣು ಕಾಣುತ್ತದೆ, ಪಂಜಿಗೆ ಬೆಲೆಯೇ ಇಲ್ಲ ಅನ್ನಿಸುತ್ತದೆ. ಆದರೆ ಹಾಗೆ ಕಾಣುವುದು ಮಬ್ಬಾಗಿ ಮಾತ್ರ, ಮಬ್ಬಿನಲ್ಲಿ ಗಮನಿಸುವ ಪರೀಕ್ಷೆಗೆ ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯಬೇಕು ಎಂಬ ನಿಯಮವನ್ನು ಹಲವರು ಮರೆತೇ ಬಿಡುತ್ತಾರೆ. ಅದನ್ನು ಜಾರಿಗೆ ತನ್ನಿ. ಎರಡನೆಯದು, ಅನುಭವದ ಅಂಕಗಳನ್ನು ಕೊಂದದ್ದಕ್ಕೆ ಕೊಡುವ ಬದಲು ಊರಿಗೆ ಹೊತ್ತು ತಂದ ಹೊನ್ನಿಗೆ ಕೊಡಿ.

ಮೊದಲ ಹೆಜ್ಜೆ: ಯಾರು ಕಟ್ಟಿದರು, ಆಮೇಲೆ ಯಾರು ಹೊಕ್ಕರು

ಮಡಿಕೇರಿ ಕೋಟೆಯನ್ನು ಒಮ್ಮೆ ನಿಧಾನವಾಗಿ ಸುತ್ತಿ ಬನ್ನಿ. 17ನೇ ಶತಮಾನದ ಕೊನೆಯಲ್ಲಿ ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಮತ್ತೆ ಹಾಲೇರಿ ಅರಸರ ಕೈಗೆ ಬಂದು ಅರಮನೆ ಎದ್ದಿತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಒಳಗೊಂದು ಚರ್ಚು ಬಂತು, ಅದೇ ಈಗ ವಸ್ತುಸಂಗ್ರಹಾಲಯ. ಅರಮನೆಯಲ್ಲಿ ಸರ್ಕಾರಿ ಕಚೇರಿಗಳೂ ನಡೆದವು. ಒಂದೇ ಜಾಗ, ಹಲವು ಕೈ, ಪ್ರತಿಯೊಬ್ಬರಿಗೂ ಬೇರೆ ಉದ್ದೇಶ. ಮೆಗಾಡಂಜನ್‌ಗೆ ಬೇಕಾದ ಇತಿಹಾಸದ ಮಾದರಿ ಇದು.

ಹಾಗಾಗಿ ಮೊದಲು ಕೆಳಗಿನಿಂದ ಮೇಲಕ್ಕೆ ನಾಲ್ಕೈದು ಪದರಗಳನ್ನು ಬರೆದುಕೊಳ್ಳಿ. ಉದಾಹರಣೆಗೆ ‘ಇರುಳಮಲೆ’ ಎಂಬ ಕಲ್ಪಿತ ಬೆಟ್ಟವನ್ನು ಇಟ್ಟುಕೊಳ್ಳೋಣ. ಎಲ್ಲಕ್ಕಿಂತ ಆಳದಲ್ಲಿ ನೆಲದೊಳಗಿನ ಹೊಳೆ. ಅದರ ಮೇಲೆ ಬೃಹತ್ ಚಪ್ಪಡಿಗಳ ಸಮಾಧಿ ಕೋಣೆಗಳು, ಒಂದು ಚಪ್ಪಡಿಯಲ್ಲಿ ಮನುಷ್ಯ ತೂರುವಷ್ಟು ದುಂಡಗಿನ ಕಿಂಡಿ. ಕೊಡಗಿನ ಕೆಲವು ಶಿಲಾಸಮಾಧಿಗಳಲ್ಲಿ ಇಂಥ ಕಿಂಡಿಯಿದೆ. ಅದರ ಮೇಲೆ ಒಬ್ಬ ಪಾಳೆಯಗಾರನ ಕಣಜ, ಖಜಾನೆ, ಸೆರೆಮನೆ. ಪಕ್ಕದಲ್ಲಿ ಅವನ ಸೈನಿಕರು ತೋಡಿದ ಕಡಂಗ. ಕಾಡಿನ ನಡುವೆ ಮೈಲುಗಟ್ಟಲೆ ಸಾಗುವ ಈ ಹಳೆಯ ಯುದ್ಧಕಂದಕಗಳನ್ನು ಕಂಡವರಿಗೆ ಅದು ಎಷ್ಟು ಒಳ್ಳೆಯ ಬಾಗಿಲು ಎಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಮೇಲೆ, ಹಾಳು ಅರಮನೆಯಲ್ಲಿ ಈಗ ಕರಿಮೆಣಸಿನ ಕಳ್ಳಸಾಗಣೆ.

ಪದರಗಳು ಹೀಗೆ ಕೂತರೆ ಪ್ರತಿ ಕೋಣೆಗೂ ಎರಡು ಪ್ರಶ್ನೆ ಕೇಳಬಹುದು: ಆಗ ಇದು ಏನಾಗಿತ್ತು, ಈಗ ಇದನ್ನು ಯಾರು ಏತಕ್ಕೆ ಬಳಸುತ್ತಿದ್ದಾರೆ? ಉತ್ತರಗಳು ಬೇರೆ ಬೇರೆಯಾದಲ್ಲಿ ಕೋಣೆ ತಾನಾಗಿ ಹುಟ್ಟುತ್ತದೆ. ಪಾಳೆಯಗಾರನ ಸೆರೆಮನೆ ಈಗ ಮೆಣಸಿನ ದಾಸ್ತಾನು, ಗೋಡೆಯ ಸರಪಳಿಗಳಿಗೆ ಮೂಟೆಗಳನ್ನು ತೂಗುಹಾಕಿದ್ದಾರೆ.

ನಾಲ್ಕುನಾಡು ಅರಮನೆಯನ್ನೂ ನೋಡಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಹಾಲೇರಿ ಅರಸ ದೊಡ್ಡವೀರರಾಜೇಂದ್ರ 1792ರಿಂದ 94ರ ನಡುವೆ ಕಕ್ಕಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ತಪ್ಪಿಸಿಕೊಂಡು ಬಂದವನು ಕಟ್ಟುವ ಮನೆ ಹೇಗಿರುತ್ತದೆ, ಬಾಗಿಲುಗಳನ್ನು ಎಲ್ಲಿ ಇಡುತ್ತಾನೆ, ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾನೆ ಎಂದು ಯೋಚಿಸುತ್ತ ಸುತ್ತಿದರೆ ನಕ್ಷೆಗೆ ಬೇಕಾದ್ದು ಅಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ. ನಿಜವಾದ ದೇವರಕಾಡು, ಯಾವುದೋ ಒಕ್ಕದ (ಕೊಡವ ಮನೆತನದ) ಕೈಮಡ ಎಂಬ ಹಿರಿಯರ ಗುಡಿ, ಹೆಸರಿರುವ ಐನ್‌ಮನೆ ಎಂಬ ಮನೆತನದ ಮೂಲಮನೆ ಇವುಗಳನ್ನು ರಾಕ್ಷಸರ ಬೀಡು ಮಾಡಬೇಡಿ. ಮೇಜಿನ ಸುತ್ತ ಕೂತವರ ಅಜ್ಜಂದಿರು ಅಲ್ಲಿದ್ದಾರೆ. ಹೆಸರು, ಊರು ಎಲ್ಲವನ್ನೂ ಕಲ್ಪಿಸಿಕೊಳ್ಳಿ. ಹಾಗೆಯೇ 2018ರ ಆಗಸ್ಟ್‌ನಲ್ಲಿ ಬೆಟ್ಟ ಜಾರಿದ್ದನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಇದ್ದಾರೆ. ಮಣ್ಣು ಕುಸಿದು ಹೂತುಹೋಗುವ ಬಲೆಗಳು ಡಂಜನ್‌ಗಳಲ್ಲಿ ಸಾಮಾನ್ಯ. ಅವು ಇರಬಹುದೇ ಎಂದು ಮೊದಲ ದಿನವೇ ಎಲ್ಲರನ್ನೂ ಕೇಳಿ, ಒಬ್ಬರು ಬೇಡವೆಂದರೂ ತೆಗೆದುಬಿಡಿ.

ಎರಡನೇ ಹೆಜ್ಜೆ: ನಕ್ಷೆ

ಇಲ್ಲಿ ಸಮಯ ಕೊಡಿ. ಉಳಿದದ್ದೆಲ್ಲ ಸಾಧಾರಣವಾಗಿದ್ದರೂ ನಕ್ಷೆ ಚೆನ್ನಾಗಿದ್ದರೆ ಆಟ ನಡೆಯುತ್ತದೆ, ನಕ್ಷೆ ಕೆಟ್ಟರೆ ಯಾವ ರಾಕ್ಷಸನೂ ಉಳಿಸಲಾರ.

ಗ್ರಾಫ್ ಹಾಳೆ ತೆಗೆದುಕೊಂಡು ಒಂದು ಚೌಕಕ್ಕೆ ಹತ್ತು ಅಡಿ ಎಂದಿಟ್ಟುಕೊಳ್ಳಿ. ಅಂತಸ್ತಿಗೆ 25ರಿಂದ 40 ಕೋಣೆ ಸಾಕು. ಹೊಸಬರು ಮಾಡುವುದೇನೆಂದರೆ ಬಾಗಿಲು, ಓಣಿ, ಕೋಣೆ, ಓಣಿ, ಕೋಣೆ, ಕೊನೆಗೆ ಮೆಟ್ಟಿಲು. ಅದರಲ್ಲಿ ಆಟಗಾರರಿಗೆ ಉಳಿಯುವ ನಿರ್ಧಾರ ಮುಂದೆ ಹೋಗುವುದು ಅಥವಾ ಮನೆಗೆ ಹೋಗುವುದು. 1970ರ ದಶಕದ ಕೊನೆಯಲ್ಲಿ ಜೆನೆಲ್ ಜಾಕ್ವೇಸ್ ಬರೆದ ಡಂಜನ್‌ಗಳು ಈ ಕಟ್ಟನ್ನು ಮುರಿದವು. ಹಲವು ಬಾಗಿಲು, ಸುತ್ತಿ ಬಂದು ಸೇರುವ ದಾರಿಗಳು, ಒಂದು ಅಂತಸ್ತನ್ನು ಹಾರಿ ಇನ್ನೊಂದಕ್ಕೆ ಇಳಿಯುವ ಬಾವಿಗಳು. ಇಂದಿಗೂ ಒಳ್ಳೆಯ ಡಂಜನ್ ನಕ್ಷೆಯ ಅಳತೆಗೋಲು ಅದೇ.

ಇರುಳಮಲೆಗೆ ಮೂರು ಬಾಗಿಲು ಇಡೋಣ. ಅರಮನೆಯ ಮುರಿದ ಮೆಟ್ಟಿಲು ಎಲ್ಲರಿಗೂ ಗೊತ್ತು, ಕಳ್ಳಸಾಗಣೆದಾರರ ಕಾವಲಿದೆ. ಕಡಂಗದ ಕೊನೆಯಲ್ಲಿ ಲಂಟಾನ ಮುಚ್ಚಿದ ಬಿಲ, ಕಾವಲಿಲ್ಲ, ಆದರೆ ಆ ದಾರಿಯಲ್ಲಿ ಒಂಟಿ ಸಲಗ ಓಡಾಡುತ್ತದೆ. ಮೂರನೆಯದು ಕೆರೆಯ ತೂಬು. ಮಳೆಗಾಲದಲ್ಲಿ ಅದು ನೀರಿನಿಂದ ತುಂಬಿರುತ್ತದೆ, ಬೇಸಿಗೆಯಲ್ಲಿ ಮಾತ್ರ ತೆರೆದುಕೊಂಡು ನೇರ ಎರಡನೇ ಅಂತಸ್ತಿಗೆ ಇಳಿಸುತ್ತದೆ. ಆಟದೊಳಗಿನ ಪಂಚಾಂಗವನ್ನು ನೋಡುತ್ತ ಆಟಗಾರರು ‘ಕೆರೆ ಬತ್ತುವವರೆಗೆ ಕಾಯೋಣವೇ’ ಎಂದು ವಾದಿಸತೊಡಗಿದರೆ ನಿಮ್ಮ ನಕ್ಷೆ ಕೆಲಸ ಮಾಡುತ್ತಿದೆ ಎಂದು ಅರ್ಥ.

ಪ್ರತಿ ಅಂತಸ್ತಿನಿಂದ ಕೆಳಕ್ಕೆ ಕನಿಷ್ಠ ಮೂರು ದಾರಿಗಳಿರಲಿ. ಒಂದು ಸಲೀಸಾಗಿ ಕಾಣುವಂಥದ್ದು, ಒಂದು ಅಡಗಿರುವಂಥದ್ದು, ಒಂದು ಅಪಾಯದ್ದು. ಅವುಗಳಲ್ಲಿ ಒಂದಾದರೂ ನಡುವಿನ ಅಂತಸ್ತನ್ನು ಬಿಟ್ಟು ಇನ್ನೂ ಆಳಕ್ಕೆ ಇಳಿಯಬೇಕು. ಅಂತಸ್ತಿನೊಳಗೆ ಎರಡು ಮೂರು ಬಳಸುದಾರಿಗಳಿರಲಿ. ನಕ್ಷೆ ಮುಗಿದ ಮೇಲೆ ಹೀಗೆ ಪರೀಕ್ಷಿಸಿ: ಯಾವುದಾದರೂ ಒಂದು ಓಣಿಯನ್ನು ಬೆರಳಿನಿಂದ ಮುಚ್ಚಿ. ಅಂತಸ್ತಿನ ಅರ್ಧ ಭಾಗ ಕೈತಪ್ಪಿದರೆ ಆ ಭಾಗಕ್ಕೆ ಇನ್ನೊಂದು ದಾರಿ ಕೊರೆಯಿರಿ. ಒಂದೇ ಒಂದು ಬಿಗಿಕಂಡಿ ಬೇಕೆಂದೇ ಇಟ್ಟಿದ್ದರೆ, ಅಲ್ಲಿ ಕೂತು ಸುಂಕ ಕೇಳುವವನೊಬ್ಬ ಇರಲಿ.

ಕೋಣೆಗೆ ಸಂಖ್ಯೆ ನಿಮಗೆ ಸಾಕು, ಆಟಗಾರರಿಗೆ ಗುರುತು ಬೇಕು. ಮಡಿಕೇರಿ ಕೋಟೆಯೊಳಗಿನ ಎರಡು ಆಳೆತ್ತರದ ಗಾರೆ ಆನೆಗಳನ್ನು ಕಂಡವರು ಮರೆಯುವುದಿಲ್ಲ. ಪ್ರತಿ ಅಂತಸ್ತಿನಲ್ಲಿ ಅಂಥ ನಾಲ್ಕೈದು ಗುರುತುಗಳಿರಲಿ: ಸೊಂಡಿಲು ಮುರಿದ ಆನೆ, ಸದಾ ತೊಟ್ಟಿಕ್ಕುವ ನಗಾರಿ, ಬೂಷ್ಟು ಹಿಡಿದ ಏಲಕ್ಕಿಯ ವಾಸನೆಯ ಕೋಣೆ. ‘ಆನೆಯ ಬಳಿ ಎಡಕ್ಕೆ’ ಎಂದು ಅವರು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ಹೊತ್ತಿಗೆ ಜಾಗ ಅವರದಾಗಿರುತ್ತದೆ.

ಮೂರನೇ ಹೆಜ್ಜೆ: ಕೋಣೆ ತುಂಬುವುದು

1981ರ ನಿಯಮದಲ್ಲಿ ಪ್ರತಿ ಕೋಣೆಗೂ ಆರುಮುಖದ ದಾಳ ಹಾಕುತ್ತಾರೆ. 1 ಅಥವಾ 2 ಬಿದ್ದರೆ ರಾಕ್ಷಸ, 3 ಬಲೆ, 4 ವಿಶೇಷ, 5 ಅಥವಾ 6 ಖಾಲಿ. ಅಂದರೆ ಮೂರರಲ್ಲೊಂದು ಪಾಲು ಖಾಲಿ. ಹೊಸ ಡಂಜನ್ ಮಾಸ್ಟರ್‌ಗಳಿಗೆ ಇದು ವ್ಯರ್ಥ ಎನ್ನಿಸಿ ಎಲ್ಲ ಕಡೆ ಏನಾದರೂ ತುರುಕುತ್ತಾರೆ. ಹಾಗೆ ಮಾಡಬೇಡಿ. ಖಾಲಿ ಕೋಣೆಯಲ್ಲಿ ಓಡಿಹೋಗಿ ಅಡಗಬಹುದು, ಗಾಯಕ್ಕೆ ಬಟ್ಟೆ ಕಟ್ಟಬಹುದು, ಬೆನ್ನಟ್ಟಿ ಬರುವವರಿಗೆ ಹೊಂಚು ಹಾಕಬಹುದು. ಎಲ್ಲ ಬಾಗಿಲ ಹಿಂದೆಯೂ ಹಲ್ಲಿದ್ದರೆ ಬಾಗಿಲು ತೆರೆಯುವಾಗ ಯಾರಿಗೂ ಅಳುಕಿರುವುದಿಲ್ಲ. ಖಾಲಿ ಎಂದರೆ ಬರಿದು ಎಂದೂ ಅಲ್ಲ. ಆರಿದ ಒಲೆ, ಕತ್ತಿಯ ಒರೆ, ಅರ್ಧ ಅಳಿಸಿದ ಶಾಸನ, ಏನಾದರೂ ಪಕ್ಕದ ಕೋಣೆಯ ಸುಳಿವು ಕೊಡಲಿ.

ಬರವಣಿಗೆ ಚಿಕ್ಕದಿರಲಿ. ಇರುಳಮಲೆಯ 14ನೇ ಕೋಣೆ ನನ್ನ ಟಿಪ್ಪಣಿಯಲ್ಲಿ ಹೀಗಿದೆ: ‘ಕಣಜ. ಮೊಣಕಾಲುದ್ದ ಕೊಳೆತ ಭತ್ತ, ಅದರಡಿ ಏಡಿಗಳು ಸರಿದಾಡುವ ಸದ್ದು. ಮೂಲೆಯಲ್ಲಿ ಬೆಳ್ಳಿ ಹಿಡಿಯ ಪೀಚೆಕತ್ತಿ, 80 ಹೊನ್ನು. ಭತ್ತ ಕೆದಕಿದರೆ ನಾಲ್ಕು ದೈತ್ಯ ಏಡಿ. ಉತ್ತರದ ಬಾಗಿಲ ಹಿಂದೆ ಮಾತು ಕೇಳಿಸುತ್ತದೆ.’ ಆಟದ ನಡುವೆ ಓದಲು ಸಾಧ್ಯವಾಗುವುದು ಅಷ್ಟೇ.

ನಿಧಿಯ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಹಳೆಯ ನಿಯಮದಲ್ಲಿ ಒಬ್ಬ ಯೋಧ ಎರಡನೇ ಮಟ್ಟಕ್ಕೇರಲು 2,000 ಅಂಕ ಬೇಕು. ಅಂಥ ನಾಲ್ವರಿದ್ದರೆ 8,000. ಕಾಲು ಭಾಗ ಕಾದಾಟದಿಂದ ಬಂದರೂ, ಒಂದು ಹೊನ್ನಿಗೆ ಒಂದು ಅಂಕದಂತೆ 6,000 ಹೊನ್ನು ಮೊದಲ ಅಂತಸ್ತಿನಲ್ಲೇ ಇರಬೇಕು. ಅವರು ಎಲ್ಲವನ್ನೂ ಹುಡುಕಲಾರರು, ಆದ್ದರಿಂದ ಅದರ ಒಂದೂವರೆ ಪಟ್ಟು ಇಡಿ. ಹೆಚ್ಚಿನದನ್ನು ನಾಣ್ಯವಾಗಿ ಇಟ್ಟರೆ ಇನ್ನೊಂದು ಮಜವಿದೆ. ಹತ್ತು ನಾಣ್ಯಕ್ಕೆ ಒಂದು ಪೌಂಡ್ ತೂಕ, ಸಾವಿರ ನಾಣ್ಯವೆಂದರೆ 45 ಕಿಲೋ. ಕಾಫಿ ಮೂಟೆ ಹೊತ್ತು ಅಭ್ಯಾಸವಿರುವವರಿಗೆ ಅದನ್ನು ಬೆನ್ನಿಗೆ ಹಾಕಿಕೊಂಡು ಕತ್ತಲಲ್ಲಿ ಓಡುವುದು ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ಮೆಣಸಿನ ಮೂಟೆ, ಕಂಚಿನ ದೀಪಗಂಬ, ಆನೆದಂತದ ಮಂಚ, ಹೀಗೆ ಬೆಲೆಯೂ ಭಾರವೂ ಇರುವ ವಸ್ತುಗಳನ್ನು ಇಡಿ. ಹೊರಗೆ ತರುವುದು ಹೇಗೆ ಎಂಬುದೇ ಒಂದು ಸಂಜೆಯ ಆಟವಾಗುತ್ತದೆ.

ನಾಲ್ಕನೇ ಹೆಜ್ಜೆ: ಒಳಗಿರುವವರ ರಾಜಕೀಯ

ಎರಡು ಅಂತಸ್ತಿಗೆ ಮೂರು ಬಣ ಸಾಕು. ಪ್ರತಿಯೊಂದಕ್ಕೂ ಒಂದು ಆಸೆ, ಒಂದು ಭಯ, ಇನ್ನೊಂದು ಬಣದ ಜೊತೆ ಒಂದು ಹಳೆಯ ಲೆಕ್ಕ. ಇರುಳಮಲೆಯ ಕಳ್ಳಸಾಗಣೆದಾರರಿಗೆ ತೂಬಿನ ದಾರಿ ಬೇಕು, ಕೆಳಗಿನ ಸದ್ದು ಕಂಡರೆ ಭಯ. ಪಾಳೆಯಗಾರನ ಸತ್ತ ಸೈನಿಕರು ಇನ್ನೂ ಕಡಂಗ ಕಾಯುತ್ತಿದ್ದಾರೆ. ಯುದ್ಧ ಮುಗಿಯಿತೆಂದು ಅವರಿಗೆ ಯಾರೂ ಹೇಳಿಲ್ಲ, ಸರಿಯಾದ ಮುದ್ರೆ ತೋರಿಸಿದರೆ ದಾರಿ ಬಿಡುತ್ತಾರೆ. ಹೊಳೆಯಿಂದ ಮೇಲೇರಿ ಬಂದ ಕಣ್ಣಿಲ್ಲದ ಏಡಿಜನರಿಗೆ ಕಣಜದ ಭತ್ತ ಬೇಕು, ಬೆಂಕಿ ಬೇಡ.

ಎದುರಾದವರೆಲ್ಲ ಮೇಲೆ ಬೀಳಬೇಕಿಲ್ಲ. ಎರಡು ಆರುಮುಖದ ದಾಳ ಹಾಕಿ: 2 ಬಂದರೆ ತಕ್ಷಣ ದಾಳಿ, 3ರಿಂದ 5 ಹಗೆತನ, 6ರಿಂದ 8 ಅನುಮಾನ, 9ರಿಂದ 11 ತಂಟೆಗೆ ಬರುವುದಿಲ್ಲ, 12 ಸ್ನೇಹ. ತಕ್ಷಣದ ದಾಳಿ 36ರಲ್ಲಿ ಒಮ್ಮೆ ಮಾತ್ರ! ಅತಿ ಹೆಚ್ಚು ಬೀಳುವುದು ಅನುಮಾನ, ಅನುಮಾನವಿರುವಲ್ಲಿ ಮಾತಿಗೆ ಜಾಗವಿದೆ. ಕಾವಲಿನ ಮುದುಕ ‘ಯಾರಪ್ಪಾ ನೀವು, ಈ ಮಳೆಯಲ್ಲಿ?’ ಎಂದು ಕೇಳಿದರೆ ಆಟಗಾರರು ಕತ್ತಿ ಹಿರಿಯುವ ಮೊದಲು ಒಂದು ಸುಳ್ಳು ಹುಡುಕುತ್ತಾರೆ. ಆ ಸುಳ್ಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐದನೇ ಹೆಜ್ಜೆ: ಮೇಜಿನ ಮೇಲಿನ ಗಡಿಯಾರ

ಆಟದೊಳಗಿನ ಹತ್ತು ನಿಮಿಷಕ್ಕೆ ಒಂದು ಟರ್ನ್. ಒಂದು ಕೋಣೆ ಹುಡುಕಿದರೆ ಒಂದು ಟರ್ನ್, ಭಾರವಿಲ್ಲದವರು ಎಚ್ಚರದಿಂದ 120 ಅಡಿ ನಡೆದರೆ ಒಂದು ಟರ್ನ್. ಪಂಜು ಆರು ಟರ್ನ್ ಉರಿಯುತ್ತದೆ, ಲಾಟೀನಿನ ಎಣ್ಣೆ 24 ಟರ್ನ್. ಆರರಲ್ಲಿ ಒಂದು ಟರ್ನ್ ವಿಶ್ರಾಂತಿ. ಎರಡು ಟರ್ನ್‌ಗೊಮ್ಮೆ ಅಲೆಮಾರಿ ರಾಕ್ಷಸರಿಗಾಗಿ ದಾಳ, 1 ಬಿದ್ದರೆ ಯಾರೋ ಬಂದರು.

ಹಾಳೆಯಲ್ಲಿ ಚೌಕಗಳನ್ನು ಗೀಚಿ, ಟರ್ನ್ ಕಳೆದಂತೆ ಒಂದೊಂದನ್ನೇ ಹೊಡೆಯುತ್ತ ಹೋಗಿ, ಆಟಗಾರರಿಗೆ ಕಾಣುವಂತೆ. ಮೂರು ಗಂಟೆ ಒಳಗಿದ್ದರೆ 18 ಟರ್ನ್, ಒಂಬತ್ತು ಬಾರಿ ದಾಳ. ಸರಾಸರಿ ಒಂದೂವರೆ ಭೇಟಿ. ಏನೂ ಬಾರದೆ ಹೋಗುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ. ಅಲೆಮಾರಿಗಳ ಬಳಿ ನಿಧಿ ಇಲ್ಲದಂತೆ ನೋಡಿಕೊಳ್ಳಿ, ಆಗ ಅವರು ನಷ್ಟದ ವ್ಯವಹಾರ. ‘ಇನ್ನೊಂದು ಕೋಣೆ ನೋಡೋಣ’ ಎನ್ನುವವನಿಗೂ ‘ಸಾಕು, ಹೊರಡೋಣ’ ಎನ್ನುವವನಿಗೂ ಜಗಳ ಹತ್ತುವುದು ಈ ಒತ್ತಡದಿಂದಲೇ. ಇದನ್ನು ಬಿಟ್ಟು ಮೆಗಾಡಂಜನ್ ಆಡಿಸುವುದಾದರೆ ಬೇರೆ ಆಟ ಆಡಿಸುವುದೇ ಲೇಸು.

ದಾಳಗಳು ಕೈಯಲ್ಲಿರಲಿ. ಮೊಬೈಲ್‌ನಲ್ಲಿ ದಾಳ ಉರುಳಿಸಬಹುದು, ಆದರೆ ಜುಲೈನಲ್ಲಿ ಚಾರ್ಜ್ ನಂಬುವಂತಿಲ್ಲ.

ಆರನೇ ಹೆಜ್ಜೆ: ಮರಳಿ ಊರಿಗೆ

ಪ್ರತಿ ಕೂಟವೂ ಊರಿನಲ್ಲಿ ಶುರುವಾಗಿ ಊರಿನಲ್ಲೇ ಮುಗಿಯಬೇಕು. ಮುಂದಿನ ವಾರ ಯಾರು ಬರುತ್ತಾರೋ ಗೊತ್ತಿಲ್ಲದ ಕಡೆ ಇದು ಕಡ್ಡಾಯ. ಮುಗಿಸಲು ಮುಕ್ಕಾಲು ಗಂಟೆ ಇದೆ ಎನ್ನುವಾಗ ಒಮ್ಮೆ ಹೇಳಿ, ಆಮೇಲೆ ಹೇಳಬೇಡಿ. ಹೊರಬರದೆ ಉಳಿದವರಿಗೆ ತಲಾ ಒಂದು ದಾಳ: 1 ಸಾವು, 2 ಯಾವುದೋ ಬಣದ ಸೆರೆ, 3 ಹೊತ್ತಿದ್ದೆಲ್ಲ ಕಳೆದುಕೊಂಡು ಪಾರು, 4ರಿಂದ 6 ಗಾಯಗೊಂಡು ಪಾರು. ಸೆರೆಯಾದವನನ್ನು ಬಿಡಿಸುವುದು ಮುಂದಿನ ವಾರ ಬಂದವರಿಗೆ ಸಿದ್ಧ ಕೆಲಸ.

ಊರು ಚಿಕ್ಕದಿರಲಿ. ಸಂತೆ, ಕಮ್ಮಾರ, ನಾಣ್ಯದ ಮೂಲ ಕೇಳದ ಒಬ್ಬ ವ್ಯಾಪಾರಿ, ಎಲ್ಲವನ್ನೂ ಕೇಳುವ ಒಬ್ಬ ಅಜ್ಜಿ. ಅಷ್ಟೇ.

ಆಟಗಾರರು ಬಿಡಿಸಿದ ನಕ್ಷೆ ಒಂದೇ ಇರಲಿ, ಎಲ್ಲರದೂ ಆಗಿರಲಿ. ತಪ್ಪಿದ್ದರೆ ತಿದ್ದಬೇಡಿ, ತಪ್ಪಿನಿಂದಲೇ ಗುಪ್ತ ಕೋಣೆಗಳು ಹೊಳೆಯುತ್ತವೆ. ಹೊಸಬ ಬಂದಾಗ ಹಳಬರು ಆ ಹಾಳೆ ಹರಡಿಕೊಂಡು ‘ಇಲ್ಲಿ ಕಾಲಿಡಬೇಡ’ ಎಂದು ಹೇಳಿಕೊಡಲಿ. ಒಂದು ಕಥೆ ನೆನಪಿಲ್ಲದಿದ್ದರೂ ನಡೆಯುವ ಆಟ ಇದು, ಜಾಗದ ಅರಿವು ಮಾತ್ರ ಕೂಡುತ್ತ ಹೋಗಬೇಕು.

ಏಳನೇ ಹೆಜ್ಜೆ: ಕೂಟಗಳ ನಡುವಿನ ಒಂದು ಗಂಟೆ

ಅವರು ಬರಿದು ಮಾಡಿದ ಕೋಣೆಗಳ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ದಾಳ ಹಾಕಿ, 1 ಬಿದ್ದರೆ ಯಾರೋ ಹೊಸಬರು ಸೇರಿಕೊಂಡಿದ್ದಾರೆ. ಯಾರೆಂದು ದಾಳವನ್ನು ಕೇಳಬೇಡಿ, ಬಣಗಳನ್ನು ಕೇಳಿ. ಕಳ್ಳಸಾಗಣೆದಾರರು ಕಾವಲಿನವರನ್ನು ಕಳೆದುಕೊಂಡಿದ್ದರೆ ಮೆಟ್ಟಿಲಿಗೆ ಗೋಡೆ ಕಟ್ಟುತ್ತಾರೆ, ಅಥವಾ ಆಟಗಾರರ ತಲೆಗೆ ಬೆಲೆ ಕಟ್ಟುತ್ತಾರೆ. ಕಣಜಕ್ಕೆ ಬೆಂಕಿ ಬಿದ್ದಿದ್ದರೆ ಹಸಿದ ಏಡಿಜನರು ಮೇಲಿನ ಅಂತಸ್ತಿಗೆ ಬರುತ್ತಾರೆ. ಪ್ರತಿ ಬಾರಿ ಒಂದು ಬದಲಾವಣೆ ಆಟಗಾರರ ಕೆಲಸದ ಫಲವಾಗಿಯೇ ಕಾಣಬೇಕು. ಆಮೇಲೆ ಮುಂದಿನ ಅಂತಸ್ತಿನ ಐದಾರು ಕೋಣೆ ಬರೆದು ಪುಸ್ತಕ ಮುಚ್ಚಿ.

ಮೊದಲ ಸಂಜೆಗೆ ದೊಡ್ಡ ಪೀಠಿಕೆ ಬೇಡ. ಸಂತೆಯಲ್ಲಿ ಕೇಳಿಬಂದ ಮೂರು ಗಾಳಿಸುದ್ದಿ ಕೊಡಿ, ಒಂದು ನಿಜ, ಒಂದು ಅರ್ಧ ನಿಜ, ಒಂದು ಸುಳ್ಳು. ನೇರವಾಗಿ ಮುರಿದ ಮೆಟ್ಟಿಲ ಮೇಲೆ ನಿಲ್ಲಿಸಿ, ಪಂಜು ಯಾರ ಕೈಯಲ್ಲಿದೆ ಎಂದು ಕೇಳಿ. ಮೊದಲ ಮಟ್ಟದ ಪಾತ್ರಗಳು ಬೇಗ ಸಾಯುತ್ತವೆ, ಆದ್ದರಿಂದ ಖಾಲಿ ಪಾತ್ರಹಾಳೆಗಳೂ ಪೆನ್ಸಿಲ್‌ಗಳೂ ಮೊದಲೇ ಕೈಗೆಟುಕುವಂತಿರಲಿ. ಸತ್ತವನ ಹೊಸ ಪಾತ್ರ ಮುಂದಿನ ಖಾಲಿ ಕೋಣೆಯಲ್ಲೇ ಸಿಗಲಿ, ಹಿಂದಿನ ತಂಡದಿಂದ ತಪ್ಪಿಸಿಕೊಂಡು ಅಡಗಿ ಕೂತವನಾಗಿ.